ಕರಡಿನ ಅವಧಿ ಮುಗಿದರೆ ಪಶ್ಚಿಮ ಘಟ್ಟದ ರಕ್ಷಣೆಯೂ ಮುಗಿಯುತ್ತದೆಯೇ?

ಪ್ರಶ್ನೆ: ನಮ್ಮ ಊರು ಪರಿಸರ ಸೂಕ್ಷ್ಮ ಪ್ರದೇಶದ ಪಟ್ಟಿಯಲ್ಲಿದೆ. ಕರಡು ಅಧಿಸೂಚನೆಯ ಅವಧಿ ಮುಗಿಯುವುದು, ಸರ್ಕಾರ ಮತ್ತೆ ಹೊಸದನ್ನು ಹೊರಡಿಸುವುದು ನಡೆದೇ ಇದೆ. ನಡುವಿನ ದಿನಗಳಲ್ಲಿ ಗಣಿಗಾರಿಕೆಗೆ ದಾರಿ ತೆರೆಯುವುದಿಲ್ಲವೇ?

ಉತ್ತರ: ತೆರೆಯುವುದಿಲ್ಲ. ಪಶ್ಚಿಮ ಘಟ್ಟದ ರಕ್ಷಣೆ ಕುರಿತ ಕಸ್ತೂರಿರಂಗನ್ ಸಮಿತಿಯ ವರದಿ ಬಂದ ವರ್ಷವೇ, ಅಂದರೆ 2013ರ ನವೆಂಬರ್ 13ರಂದು, ಕೇಂದ್ರ ಪರಿಸರ ಸಚಿವಾಲಯ ಪರಿಸರ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 5ರ ಅಡಿ ನಿರ್ದೇಶನ ನೀಡಿತ್ತು. ಹೊಸ ಗಣಿ, ಕಲ್ಲು ಕ್ವಾರಿ, ಉಷ್ಣ ವಿದ್ಯುತ್ ಸ್ಥಾವರ, ಕೆಂಪು ವರ್ಗದ (ಅತಿ ಹೆಚ್ಚು ಮಾಲಿನ್ಯದ) ಕೈಗಾರಿಕೆ, 20,000 ಚದರ ಮೀಟರ್‌ಗಿಂತ ದೊಡ್ಡ ಕಟ್ಟಡ ಇವೆಲ್ಲಕ್ಕೂ ಅದು ತಡೆ ಹಾಕಿದೆ. ಕರಡಿನ ಅವಧಿಗೂ ಈ ನಿರ್ದೇಶನಕ್ಕೂ ಗಂಟು ಬಿದ್ದಿಲ್ಲ. ಹೊಲ, ತೋಟ, ವಾಸದ ಮನೆಗಳಿಗೆ ಈ ತಡೆ ಅನ್ವಯಿಸುವುದಿಲ್ಲ ಎಂಬುದನ್ನೂ ಹೇಳಲೇಬೇಕು. ಮಲೆನಾಡಿನಲ್ಲಿ ಹೆಚ್ಚು ಭಯ ಹುಟ್ಟಿಸಿರುವುದು ಅವುಗಳಿಗೂ ಅನ್ವಯಿಸುತ್ತದೆ ಎಂಬ ತಪ್ಪು ತಿಳಿವಳಿಕೆ.

ಹಾಗಾದರೆ ಕರಡನ್ನು ಮತ್ತೆ ಮತ್ತೆ ಹೊರಡಿಸುವುದೇಕೆ? ಕರಡು ಪ್ರಕಟವಾದ ಮೇಲೆ ನಿಗದಿತ ಅವಧಿಯೊಳಗೆ ಅಂತಿಮ ಅಧಿಸೂಚನೆ ಬರಬೇಕೆಂಬುದು ನಿಯಮ. ಮೊದಲು ಈ ಗಡುವು 545 ದಿನಗಳಿತ್ತು, ಈಗ 725. ಗಡುವು ದಾಟಿದರೆ ಕರಡು ತಾನಾಗಿ ಅಸಿಂಧು. ಮೊದಲನೆಯದು ಬಂದದ್ದು 2014ರ ಮಾರ್ಚ್ 10ರಂದು. ಆಮೇಲೆ 2015, 2017, 2018, 2022. ಆರನೆಯದು 2024ರ ಜುಲೈ 31ರಂದು, ವಯನಾಡಿನಲ್ಲಿ ಗುಡ್ಡ ಕುಸಿದ ಮರುದಿನ. ಆರು ರಾಜ್ಯಗಳ 56,825 ಚದರ ಕಿಲೋಮೀಟರ್ ಅದರಲ್ಲಿದೆ. ಅದರಲ್ಲಿ 20,668 ನಮ್ಮ ಕರ್ನಾಟಕದ್ದು, ಬೇರೆಲ್ಲ ರಾಜ್ಯಗಳಿಗಿಂತ ಹೆಚ್ಚು.

ನವೀಕರಣ ನಿರರ್ಥಕವೆಂದು ನಾನು ಹೇಳುವುದಿಲ್ಲ. ಯಾವ ಗ್ರಾಮ ಒಳಗೆ, ಯಾವುದು ಹೊರಗೆ ಎಂಬ ಪಟ್ಟಿಯನ್ನು ಜೀವಂತವಾಗಿಟ್ಟಿರುವುದು ಅದೇ. 2018ರ ಆಗಸ್ಟ್‌ನಲ್ಲಿ ಮೂರನೇ ಕರಡು ಮುಗಿಯುವ ಹೊತ್ತಿಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಪ್ರದೇಶವನ್ನು ಕುಗ್ಗಿಸದೆ ಮರುಪ್ರಕಟಿಸುವಂತೆ ಸೂಚಿಸಿತ್ತು. ಅಂಥ ಕಾವಲಿಲ್ಲದಿದ್ದರೆ ಪ್ರತಿ ಮರುಪ್ರಕಟಣೆಯೂ ಒಂದಷ್ಟು ಊರುಗಳನ್ನು ಸದ್ದಿಲ್ಲದೆ ಕೈಬಿಡುವ ಅವಕಾಶವಾಗುತ್ತಿತ್ತು.

ಆದರೆ ದಶಕ ದಾಟಿದರೂ ಅಂತಿಮ ಅಧಿಸೂಚನೆ ಇಲ್ಲದಿರುವುದು ಅನ್ಯಾಯ, ಕಾಡಿಗೂ ಜನರಿಗೂ. ಗಡಿ ಗುರುತಿಸಿದ ರೀತಿ ಸರಿಯಿಲ್ಲ ಎಂದು ಆಕ್ಷೇಪಿಸಿದ ರೈತನಿಗೆ ನಿರ್ಣಾಯಕ ಉತ್ತರವೇ ಸಿಕ್ಕಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ನಮ್ಮ ರಾಜ್ಯ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನೇ ತಿರಸ್ಕರಿಸಿತು. ತಿರಸ್ಕಾರದಿಂದ ಗುಡ್ಡ ಕುಸಿಯುವುದು ನಿಲ್ಲುವುದಿಲ್ಲ. ತಕರಾರಿಲ್ಲದ ಭಾಗವನ್ನಾದರೂ ಮೊದಲು ಅಂತಿಮಗೊಳಿಸಿ, ಉಳಿದ ಊರುಗಳಲ್ಲಿ ಸ್ಥಳ ಪರಿಶೀಲನೆ ನಡೆಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ನಿಮ್ಮ ಊರಿನವರಿಗೆ ಒಂದು ಮಾತು. ಹಿಂದಿನ ಕರಡಿಗೆ ಕೊಟ್ಟ ಆಕ್ಷೇಪಣೆಯನ್ನೇ ನಂಬಿ ಕೂರಬೇಡಿ. ಹೊಸ ಕರಡು ಬಂದಾಗಲೆಲ್ಲ 60 ದಿನಗಳ ಕಾಲಾವಕಾಶ ಹೊಸದಾಗಿ ಶುರುವಾಗುತ್ತದೆ. ಪರವಾಗಿರಲಿ, ವಿರುದ್ಧವಾಗಿರಲಿ, ಸರ್ವೆ ನಂಬರ್ ನಮೂದಿಸಿ, ಗ್ರಾಮಸಭೆಯ ನಿರ್ಣಯದ ಪ್ರತಿ ಲಗತ್ತಿಸಿ ಸಚಿವಾಲಯಕ್ಕೆ ಲಿಖಿತವಾಗಿ ಕಳುಹಿಸಿ.