ಶಿಯಾ ಬೆಣ್ಣೆ: ತಿನ್ನುವುದೂ ಹಚ್ಚುವುದೂ ಒಂದೇನಾ?

ಓದುಗರ ಪ್ರಶ್ನೆ: ಕ್ರೀಮು, ಸೋಪು, ಲಿಪ್ ಬಾಮ್ ಎಲ್ಲದರ ಮೇಲೂ ಈಗ ಶಿಯಾ ಬಟರ್ ಅಂತ ಬರೆದಿರುತ್ತದೆ. ಆಫ್ರಿಕಾದಲ್ಲಿ ಇದನ್ನು ತಿನ್ನುತ್ತಾರಂತೆ. ಎರಡೂ ಒಂದೇನಾ? ನಿಜವಾಗಿ ಏನಾದರೂ ಉಪಯೋಗ ಇದೆಯಾ?

ಅದು ಹುಟ್ಟುವ ಊರಿನಲ್ಲಂತೂ ಒಂದೇ. ಉತ್ತರ ಘಾನಾ, ಬುರ್ಕಿನಾ ಫಾಸೊ, ಮಾಲಿಯ ಹಳ್ಳಿಗಳಲ್ಲಿ ಒಂದೇ ಬೆಣ್ಣೆ ಅಡುಗೆಗೂ ಬೀಳುತ್ತದೆ, ಮಗುವಿನ ಮೈಗೂ ಹೋಗುತ್ತದೆ. 1352ರಲ್ಲಿ ಮಾಲಿ ಕಡೆ ಹೋಗಿದ್ದ ಪ್ರವಾಸಿ ಇಬ್ನ್ ಬತೂತ ಇದನ್ನು ಕಂಡಿದ್ದ. ಈ ಎಣ್ಣೆಯಲ್ಲಿ ಕರಿಯುತ್ತಾರೆ, ದೀಪ ಉರಿಸುತ್ತಾರೆ, ಮೈಗೆ ಸವರುತ್ತಾರೆ, ಮಣ್ಣಿಗೆ ಕಲಸಿ ಮನೆ ಗೋಡೆಗೂ ಮೆತ್ತುತ್ತಾರೆ ಅಂತ ಹೇಳಿದ್ದಾನೆ.

ಈ ಬೆಣ್ಣೆ ಬರುವುದು ಶಿಯಾ ಮರದ ಬೀಜದಿಂದ. ಸಹಾರಾದ ಕೆಳಗೆ, ಸೆನೆಗಲ್‌ನಿಂದ ಉಗಾಂಡದವರೆಗಿನ ಒಣ ಸೀಮೆಯಲ್ಲಿ ಈ ಮರ ಹೊಲಗಳ ನಡುವೆ ತಾನಾಗಿ ಬೆಳೆಯುತ್ತದೆ. ಫಲ ಬಿಡಲು 15-20 ವರ್ಷ ಬೇಕು. ಹಾಗಾಗಿ ನೆಡುವವರು ಕಡಿಮೆ, ಉಳುವಾಗ ಕಡಿಯದೆ ಬಿಡುವವರೇ ಜಾಸ್ತಿ. ನಮ್ಮ ಹಿಪ್ಪೆ, ಸಪೋಟ ಎರಡೂ ಇದರ ಕುಟುಂಬದವೇ.

ಬೆಣ್ಣೆ ತೆಗೆಯುವುದು ಹೆಂಗಸರ ಕೆಲಸ, ಸುಲಭದ್ದಲ್ಲ. ಉದುರಿದ ಹಣ್ಣು ಆರಿಸಿ, ಸಿಹಿ ತಿರುಳು ತಿಂದು, ಬೀಜ ಬೇಯಿಸಿ ಒಣಗಿಸುತ್ತಾರೆ. ಸಿಪ್ಪೆ ಒಡೆದು, ಹುರಿದು, ಅರೆದರೆ ಚಾಕೊಲೇಟ್ ಬಣ್ಣದ ಹಿಟ್ಟು. ಅದಕ್ಕೆ ನೀರು ಹಾಕುತ್ತಾ ದೊಡ್ಡ ಬೋಗುಣಿಯಲ್ಲಿ ಮೊಣಕೈವರೆಗೆ ಕೈ ಇಳಿಸಿ ಬಡಿಯುತ್ತಾರೆ. ಬಡಿದಂತೆ ಬಣ್ಣ ಬಿಳಿಚುತ್ತದೆ, ಮಜ್ಜಿಗೆ ಕಡೆದಾಗಿನ ಹಾಗೆ ಜಿಡ್ಡು ಮೇಲೆ ತೇಲುತ್ತದೆ. ಅದನ್ನು ತೊಳೆದು, ಕಾಯಿಸಿ, ಸೋಸಿ ಆರಿಸುತ್ತಾರೆ. ಹೀಗೆ ಮಾಡಿದ್ದು ತಿಳಿಹಳದಿ, ಸ್ವಲ್ಪ ಹೊಗೆ ವಾಸನೆ. ನಮ್ಮ ಅಂಗಡಿಯ ಕ್ರೀಮಿನೊಳಗೆ ಇರುವುದು ಸಾಮಾನ್ಯವಾಗಿ ಕಾರ್ಖಾನೆಯಲ್ಲಿ ಶುದ್ಧ ಮಾಡಿದ್ದು, ಬಿಳಿ, ವಾಸನೆ ಇಲ್ಲದ್ದು. ಹಚ್ಚಲು ಅಂತ ಮಾರುವ ಡಬ್ಬಿಯನ್ನು ಅಡುಗೆಮನೆಗೆ ಮಾತ್ರ ಒಯ್ಯಬೇಡಿ.

ಉಪಯೋಗಕ್ಕೆ ಬರೋಣ. ಇದರಲ್ಲಿ ಮುಖ್ಯವಾಗಿ ಇರುವುದು ಸ್ಟಿಯರಿಕ್, ಓಲಿಯಿಕ್ ಅನ್ನುವ ಎರಡು ಕೊಬ್ಬಿನ ಆಮ್ಲಗಳು. ಚರ್ಮದ ಮೇಲೆ ಪದರವಾಗಿ ಕೂತು ಒಳಗಿನ ತೇವ ಆರದಂತೆ ತಡೆಯುತ್ತದೆ. ಇದು ಚೆನ್ನಾಗಿ ಮಾಡುವ ಕೆಲಸ ಇದೊಂದೇ. ಕಲೆ ಹೋಗುತ್ತದೆ, ಬೆಳ್ಳಗಾಗುತ್ತೀರಿ ಅನ್ನೋದೆಲ್ಲ ಸುಮ್ನೆ ಮಾರಾಟದ ಮಾತು. ಸನ್‌ಸ್ಕ್ರೀನ್ ಬದಲಿಗೂ ಇದು ಸಾಲದು.

ತೇವ ಹಿಡಿದಿಡುವುದೇ ಇದರ ಕೆಲಸ ಅಂದಮೇಲೆ ಒಣ ಮೈಗೆ ತಿಕ್ಕಿ ಏನು ಬಂತು? ಸ್ನಾನ ಮುಗಿದು ಮೈ ಇನ್ನೂ ಹಸಿಯಾಗಿರುವಾಗಲೇ, ಕಡಲೆಕಾಳಿನಷ್ಟು ತೆಗೆದು ಅಂಗೈಯಲ್ಲಿ ಉಜ್ಜಿ. ಮೈ ಬಿಸಿಗೇ ಕರಗುತ್ತದೆ. ಮೊಣಕೈ, ಹಿಮ್ಮಡಿ, ತುಟಿಗೆ ಒಳ್ಳೆಯದು. ಮುಖದಲ್ಲಿ ಮೊಡವೆ ಏಳುವವರಿಗೆ ನಾನಂತೂ ಹೇಳಲ್ಲ, ತೀರಾ ಜಿಡ್ಡು. ಮೊದಲ ಸಲವಾದರೆ ಮೊಣಕೈ ಒಳಭಾಗಕ್ಕೆ ಚೂರು ಹಚ್ಚಿ ಒಂದು ದಿನ ನೋಡಿ.

ಕೊಳ್ಳುವಾಗ ಹಿಂದಿನ ಚೀಟಿ ಓದಿ. ಅಲ್ಲಿ ಇದರ ಹೆಸರು ಬ್ಯುಟಿರೋಸ್ಪರ್ಮಮ್ ಪಾರ್ಕಿ. ಜಾಸ್ತಿ ಇರುವುದನ್ನು ಮೊದಲು ಬರೆಯುತ್ತಾರೆ, ಹಾಗಾಗಿ ಇದು ಸುವಾಸನೆಯ ಪಕ್ಕ ಕೊನೆಯಲ್ಲಿದ್ದರೆ ನೀವು ದುಡ್ಡು ಕೊಡುತ್ತಿರುವುದು ಹೆಸರಿಗೆ ಅಷ್ಟೇ. ಬೇಸಿಗೆಯಲ್ಲಿ ಕರಗಿ ಮತ್ತೆ ಗಟ್ಟಿಯಾದಾಗ ರವೆ ರವೆ ಆದರೆ ಹಾಳಾಗಿಲ್ಲ. ಮತ್ತೊಮ್ಮೆ ಕರಗಿಸಿ ಬೇಗ ಫ್ರಿಜ್‌ನಲ್ಲಿಡಿ.

ಇನ್ನೊಂದು ವಿಷಯ. ಆಫ್ರಿಕಾದಿಂದ ಹೊರಗೆ ಹೋಗುವ ಶಿಯಾ ಹೆಚ್ಚು ಖರ್ಚಾಗುವುದು ಕ್ರೀಮಿಗಲ್ಲ, ಚಾಕೊಲೇಟಿನಂಥ ತಿನಿಸಿಗೆ. ಚಾಕೊಲೇಟಿನಲ್ಲಿ ಕೋಕೋ ಬೆಣ್ಣೆಯಲ್ಲದ ಬೇರೆ ಗಿಡಮರಗಳ ಕೊಬ್ಬನ್ನು ಶೇ 5ರವರೆಗೆ ಬೆರೆಸಬಹುದು ಅಂತ ಯುರೋಪಿಯನ್ ಒಕ್ಕೂಟ 2000ರಲ್ಲಿ ನಿಯಮ ಮಾಡಿತು. ಆ ಪಟ್ಟಿಯಲ್ಲಿರುವುದು ಆರೇ ಕೊಬ್ಬು. ಶಿಯಾ ಜೊತೆ ನಮ್ಮ ಮುರುಗಲು, ಅಂದರೆ ಪುನರ್ಪುಳಿ ಬೀಜದ ಕೊಬ್ಬೂ ಇದೆ! ಉತ್ತರ ಕನ್ನಡದ ಕಡೆ ನಿಮಗೆ ಮುರುಗಲು ತುಪ್ಪ ಸಿಗುವುದಾದರೆ, ಒಡೆದ ಹಿಮ್ಮಡಿಗೆ ದುಬಾರಿ ಡಬ್ಬಿ ತರಿಸಬೇಕಾಗಿಲ್ಲ. ಅದು ಶಿಯಾಗಿಂತ ಗಟ್ಟಿ, ಚೂರು ಕೊಬ್ಬರಿ ಎಣ್ಣೆ ಸೇರಿಸಿ ಕರಗಿಸಿಕೊಳ್ಳಿ.