ಪದ ಪರಿಚಯ: ಪ್ರೊ-ಆಮ್, ಮಹಿಳಾ ಗಾಲ್ಫ್ ನಿಂತಿರುವುದು ಈ ಬುಧವಾರದ ಮೇಲೆ

ಮಹಿಳಾ ಗಾಲ್ಫ್ ಸುದ್ದಿ ಓದುವಾಗ ‘ಬುಧವಾರದ ಪ್ರೊ-ಆಮ್‌ನಲ್ಲಿ ಇಂಥವರು ಆಡಿದರು’ ಅಂತ ಒಂದು ಸಾಲು ಬರುತ್ತದೆ. ಅದೇನು ಅಂತ ಯಾರೂ ಬಿಡಿಸಿ ಹೇಳುವುದಿಲ್ಲ. ಪ್ರೊ ಅಂದರೆ ಪ್ರೊಫೆಷನಲ್, ಗಾಲ್ಫ್ ಆಡಿಯೇ ಜೀವನ ನಡೆಸುವವರು. ಆಮ್ ಅಂದರೆ ಅಮೆಚೂರ್, ಹವ್ಯಾಸಕ್ಕೆ ಆಡುವವರು. ಇವರಿಬ್ಬರೂ ಒಂದೇ ತಂಡದಲ್ಲಿ ಸೇರಿ ಆಡುವ ಪಂದ್ಯವೇ ಪ್ರೊ-ಆಮ್. ಟೂರ್ನಿ ಸಾಮಾನ್ಯವಾಗಿ ಗುರುವಾರ ಶುರುವಾಗಿ ಭಾನುವಾರ ಮುಗಿಯುತ್ತದೆ. ಪ್ರೊ-ಆಮ್ ಅದರ ಹಿಂದಿನ ದಿನ. ಇಲ್ಲಿನ ಸ್ಕೋರು ಟೂರ್ನಿಯ ಲೆಕ್ಕಕ್ಕೆ ಬರುವುದಿಲ್ಲ. ಆದರೂ ಮಹಿಳಾ ಗಾಲ್ಫ್‌ಗೆ ದುಡ್ಡು ಎಲ್ಲಿಂದ ಬರುತ್ತದೆ, ಪ್ರೇಕ್ಷಕರು ಯಾಕೆ ನಿಧಾನವಾಗಿ ಹೆಚ್ಚುತ್ತಿದ್ದಾರೆ ಅನ್ನುವುದು ತಿಳಿಯಬೇಕಾದರೆ ಈ ಬುಧವಾರದಿಂದಲೇ ಶುರು ಮಾಡಬೇಕು.

ದಾವಣಗೆರೆಯಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಿಯ ಉದ್ಘಾಟನೆ ನೋಡಿರುತ್ತೀರಿ. ದುಡ್ಡು ಕೊಟ್ಟ ದಾನಿಗಳು ಇಸ್ತ್ರಿ ಮಾಡಿದ ಬಿಳಿ ಷರಟಿನಲ್ಲೇ ಬ್ಯಾಟ್ ಹಿಡಿಯುತ್ತಾರೆ. ಯಾರೋ ಮೆಲ್ಲಗೆ ಒಂದು ಬಾಲ್ ಹಾಕುತ್ತಾರೆ. ಬ್ಯಾಟಿಗೆ ತಗುಲಿದರೂ ಸರಿ, ತಪ್ಪಿದರೂ ಸರಿ, ಚಪ್ಪಾಳೆ, ಶಾಲು, ಫೋಟೋ, ಆಮೇಲೆ ಕಾರು ಹತ್ತಿ ಹೊರಟರು. ಪ್ರೊ-ಆಮ್ ಕೂಡ ಮೂಲದಲ್ಲಿ ಇದೇ, ಖರ್ಚು ಹೊತ್ತವರಿಗೆ ಮೈದಾನದಲ್ಲೊಂದು ಜಾಗ. ಆದರೆ ಗಾಲ್ಫ್‌ನಲ್ಲಿ ಅವರು ಒಂದು ಬಾಲ್ ಹೊಡೆದು ಹೋಗುವುದಿಲ್ಲ. ಮಾರನೇ ದಿನ ಟೂರ್ನಿ ಆಡಬೇಕಾದ ಆಟಗಾರ್ತಿಯ ಜೊತೆಗೇ ನಾಲ್ಕೈದು ಗಂಟೆ ಮೈದಾನ ಸುತ್ತುತ್ತಾರೆ. ಕ್ರಿಕೆಟ್ ಸ್ಪಾನ್ಸರ್ ಒಬ್ಬರು ಬುಮ್ರಾ ಎದುರು ಒಂದು ಓವರ್ ನಿಲ್ಲೋಕಾಗುತ್ತದಾ? ಗಾಲ್ಫ್‌ನಲ್ಲಿ ಚೆಂಡು ನಿಂತಲ್ಲೇ ನಿಂತಿರುತ್ತದೆ, ಎದುರಾಳಿ ಮೈಮೇಲೆ ಬರುವುದಿಲ್ಲ. ಹಾಗಾಗಿ ಹೊಸಬರೂ ವಿಶ್ವದರ್ಜೆಯ ಆಟಗಾರ್ತಿಯೂ ಪಕ್ಕಪಕ್ಕ ನಿಂತು ಆಡಬಹುದು.

ಹೊಂದಿಸುವ ರೀತಿ ಹೀಗೆ. ಒಬ್ಬ ಆಟಗಾರ್ತಿಗೆ ಮೂರೋ ನಾಲ್ಕೋ ಅತಿಥಿಗಳು. ಬಹಳ ಕಡೆ ಸ್ಕ್ರ್ಯಾಂಬಲ್ ಅನ್ನುವ ಪದ್ಧತಿ ಇರುತ್ತದೆ. ಎಲ್ಲರೂ ಹೊಡೆಯುತ್ತಾರೆ, ಯಾರ ಚೆಂಡು ಒಳ್ಳೆಯ ಜಾಗದಲ್ಲಿ ಬಿತ್ತೋ ಅಲ್ಲಿಂದಲೇ ಎಲ್ಲರೂ ಮುಂದಿನ ಹೊಡೆತ ಹೊಡೆಯುತ್ತಾರೆ. ಒಬ್ಬರ ಚೆಂಡು ಪೊದೆಗೆ ಹೋದರೂ ತಂಡಕ್ಕೆ ನಷ್ಟವಿಲ್ಲ. ಎಲ್‌ಪಿಜಿಎಯಲ್ಲಿ, ಅಂದರೆ ಅಮೆರಿಕದ ಮಹಿಳಾ ವೃತ್ತಿಪರ ಗಾಲ್ಫ್ ಸಂಸ್ಥೆಯಲ್ಲಿ, ಮೊದಲ 9 ಹೋಲ್ (ಚೆಂಡು ಬೀಳಿಸಬೇಕಾದ ಕುಳಿ) ಒಬ್ಬ ಆಟಗಾರ್ತಿ, ಉಳಿದ 9 ಇನ್ನೊಬ್ಬರು ಅಂತ ಬದಲಾಯಿಸುವುದೂ ಉಂಟು. ಅತಿಥಿಗೆ ಇಬ್ಬರ ಪರಿಚಯವಾಗುತ್ತದೆ, ಆಟಗಾರ್ತಿಗೆ ಮಾರನೇ ದಿನಕ್ಕೆ ಮೈಕೈ ದಣಿಯದೆ ಉಳಿಯುತ್ತದೆ.

ಅಲ್ಲಿ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಮೊದಲನೇ ಟೀ, ಅಂದರೆ ಮೊದಲ ಹೊಡೆತ ಹೊಡೆಯುವ ಜಾಗ, ಸುತ್ತ ಹತ್ತಿಪ್ಪತ್ತು ಜನ. ಕಂಪನಿಯ ದೊಡ್ಡ ಅಧಿಕಾರಿ, ಆಫೀಸಿನಲ್ಲಿ ಎಲ್ಲರನ್ನೂ ನಡುಗಿಸುವವರು, ಇಲ್ಲಿ ಅವರ ಕೈಯೇ ನಡುಗುತ್ತಿರುತ್ತದೆ. ಟೀ ಅಂತಲೇ ಕರೆಯುವ ಸಣ್ಣ ಗೂಟದ ಮೇಲೆ ಚೆಂಡು ಕೂರಿಸಲು ಹೋದರೆ ಉರುಳಿ ಬೀಳುತ್ತದೆ. ಆಟಗಾರ್ತಿ ಬಂದು ಹಿಡಿತ ನೋಡಿ, ‘ಎಡಗೈ ಸ್ವಲ್ಪ ಸಡಿಲ ಬಿಡಿ’ ಅಂದು ಪಕ್ಕಕ್ಕೆ ಸರಿಯುತ್ತಾರೆ. ಚೆಂಡು ನೇರ ಹೋಗುತ್ತದೆ. ಆ ಒಂದು ಹೊಡೆತವನ್ನು ಆ ಅಧಿಕಾರಿ ವರ್ಷವಿಡೀ ಹೇಳಿಕೊಂಡು ತಿರುಗುತ್ತಾರೆ. ಮುಂದಿನ ವರ್ಷದ ಸ್ಪಾನ್ಸರ್‌ಶಿಪ್ ಕಡತ ಅವರ ಮೇಜಿಗೆ ಬಂದಾಗ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಪುರುಷರ ಗಾಲ್ಫ್‌ನಲ್ಲೂ ಪ್ರೊ-ಆಮ್ ಇದೆ, ಅಲ್ಲೂ ಬಿಗಿಯಾಗಿಯೇ ಇದೆ. 2010ರಲ್ಲಿ ಜಿಮ್ ಫ್ಯೂರಿಕ್ ಅನ್ನುವ ದೊಡ್ಡ ಆಟಗಾರ, ಫೋನಿನ ಚಾರ್ಜ್ ಮುಗಿದು ಅಲಾರಂ ಹೊಡೆಯದೆ, ಪ್ರೊ-ಆಮ್‌ಗೆ ತಡವಾಗಿ ಬಂದು ಇಡೀ ಟೂರ್ನಿಯಿಂದಲೇ ಹೊರಬಿದ್ದರು. ನಿಯಮ ಆಮೇಲೆ ಸಡಿಲವಾಯಿತು. ಆದರೆ ಪುರುಷರಿಗೆ ಟಿವಿ ಹಕ್ಕಿನ ದುಡ್ಡು ಬಹಳ ದೊಡ್ಡದು. ಮಹಿಳೆಯರಿಗೆ ಆ ಆಸರೆ ಕಡಿಮೆ, ಟೂರ್ನಿ ನಡೆಯುವುದು ಹೆಚ್ಚಾಗಿ ಸ್ಪಾನ್ಸರ್ ಮೇಲೆ. ಬುಧವಾರದ ತೂಕ ಅವರಿಗೆ ಜಾಸ್ತಿ ಆಗುವುದು ಇದಕ್ಕೇ.

ಮತ್ತೆ, ಇದು ಇವತ್ತಿನ ಮಾತಲ್ಲ. ಎಲ್‌ಪಿಜಿಎ ಕಟ್ಟಿದ್ದು 1950ರಲ್ಲಿ, 13 ಜನ ಆಟಗಾರ್ತಿಯರು. ಪ್ಯಾಟಿ ಬರ್ಗ್ ಮೊದಲ ಅಧ್ಯಕ್ಷೆ. ಈ ಆಟಗಾರ್ತಿಯರ ಹತ್ತಿರ ಪ್ರಚಾರಕ್ಕೆ ಏಜೆನ್ಸಿ ಇರಲಿಲ್ಲ, ಆಫೀಸು ಸಿಬ್ಬಂದಿ ಇರಲಿಲ್ಲ. ಊರಿಂದ ಊರಿಗೆ ಕಾರು ಓಡಿಸಿಕೊಂಡು ಹೋಗಿ, ತಾವೇ ಮೈದಾನ ಸಿದ್ಧ ಮಾಡಿ, ತಾವೇ ಪತ್ರಿಕೆಯವರನ್ನು ಕಂಡು ಬರುತ್ತಿದ್ದರು. ಆ 13 ಜನರಲ್ಲಿ ಒಬ್ಬರಾದ ಮರಿಲಿನ್ ಸ್ಮಿತ್ ಬೇಸ್‌ಬಾಲ್ ಮೈದಾನಗಳಿಗೆ ಹೋಗಿ ಅಲ್ಲಿನ ಜನರೆದುರು ಗಾಲ್ಫ್ ಚೆಂಡು ಹೊಡೆದು ತೋರಿಸುತ್ತಿದ್ದರು. ಬಾಕ್ಸಿಂಗ್ ನಡೆಯುವಲ್ಲಿಗೂ ಹೋಗಿ, ರಿಂಗ್ ಹತ್ತಿ, ಮೈಕ್ ಹಿಡಿದು ‘ನಮ್ಮ ಆಟ ನೋಡೋಕೆ ಬನ್ನಿ’ ಅಂತ ಕರೆಯುತ್ತಿದ್ದರು. ನನಗೆ ಈ ಆಟದ ಇತಿಹಾಸದಲ್ಲಿ ಯಾವ ಟ್ರೋಫಿಗಿಂತಲೂ ಇದೇ ದೊಡ್ಡದಾಗಿ ಕಾಣುತ್ತದೆ. ಜನ ತಾವಾಗಿ ಬರಲಿ ಅಂತ ಕಾಯಲಿಲ್ಲ, ಜನ ಎಲ್ಲಿ ಸೇರುತ್ತಾರೋ ಅಲ್ಲಿಗೇ ಹೋದರು.

1972ರಲ್ಲಿ ಕೋಲ್ಗೇಟ್ ಕಂಪನಿ ಬಂತು. ಗಾಯಕಿ, ಟಿವಿ ತಾರೆ ಡೈನಾ ಶೋರ್ ಹೆಸರಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಟೂರ್ನಿ ಶುರು ಮಾಡಿ, ಬಹುಮಾನದ ಒಟ್ಟು ಮೊತ್ತವನ್ನು 1,10,000 ಡಾಲರ್‌ಗೆ ಏರಿಸಿತು. ಆಗಿನ ಮಹಿಳಾ ಗಾಲ್ಫ್‌ಗೆ ಅದು ಬಹಳ ದೊಡ್ಡ ಮೊತ್ತ. ಆಟಗಾರ್ತಿಯರನ್ನು ತನ್ನ ಜಾಹೀರಾತುಗಳಲ್ಲೂ ಹಾಕಿಕೊಂಡಿತು. ಮನೆಗೆ ಪೇಸ್ಟು, ಸೋಪು ತರುವವರು ಹೆಚ್ಚಾಗಿ ಹೆಂಗಸರು, ಹೆಂಗಸರ ಆಟಕ್ಕೆ ದುಡ್ಡು ಹಾಕುವುದು ಕಂಪನಿಗೆ ಸರಿಯಾದ ವ್ಯಾಪಾರವಾಗಿತ್ತು. 2010ರಲ್ಲಿ ಮೈಕ್ ವಾನ್ ಎಲ್‌ಪಿಜಿಎ ಮುಖ್ಯಸ್ಥರಾದಾಗ ಪರಿಸ್ಥಿತಿ ಕೆಟ್ಟಿತ್ತು, ಸ್ಪಾನ್ಸರ್‌ಗಳು ಕೈಬಿಟ್ಟು ಟೂರ್ನಿಗಳು ಕಡಿಮೆಯಾಗಿದ್ದವು. ಅವರು ಹಿಡಿದ ದಾರಿ ಸರಳ. ಈ ವಾರ ನಮಗೆ ದುಡ್ಡು ಹಾಕಿದವರು ಯಾರು, ಅವರ ವ್ಯಾಪಾರ ಏನು ಅಂತ ಆಟಗಾರ್ತಿಯರಿಗೆ ಮೊದಲೇ ತಿಳಿಸಿ, ಟೂರ್ನಿ ಮುಗಿದ ಮೇಲೆ ಅವರಿಗೆ ಕೈಯಾರೆ ಥ್ಯಾಂಕ್ಸ್ ಪತ್ರ ಬರೆಯಿಸಿದರು. ಟೂರ್ನಿಗಳು ಮತ್ತೆ 30 ದಾಟಿದವು. ಪತ್ರವೊಂದರಿಂದಲೇ ಆಯಿತು ಅಂತಲ್ಲ, ಆದರೆ ಅಲ್ಲಿ ಯಾರು ಗಿರಾಕಿ ಅನ್ನುವ ಅರಿವು ಸ್ಪಷ್ಟವಿತ್ತು.

ನನ್ನ ತಕರಾರು ಇರುವುದೂ ಇಲ್ಲೇ. ಈ ಗಿರಾಕಿ ಸ್ಪಾನ್ಸರ್. ಪ್ರೇಕ್ಷಕರು ಬೇರೆ ಗಿರಾಕಿ. ಮೊದಲನೆಯವರನ್ನು ಚೆನ್ನಾಗಿ ನೋಡಿಕೊಂಡರೆ ಎರಡನೆಯವರು ಹಿಂದೆಯೇ ಬರುತ್ತಾರೆ ಅಂತ ಬಹಳ ವರ್ಷ ನಂಬಿದ್ದರು. ಬರುವುದಿಲ್ಲ. ಪ್ರೊ-ಆಮ್‌ನಲ್ಲಿ ಖುಷಿಯಾಗುವುದು ಬೆರಳೆಣಿಕೆ ಅತಿಥಿಗಳಿಗೆ, ಅದೂ ಉಳ್ಳವರಿಗೆ.

ಇದಕ್ಕೆ ಒಂದು ಉತ್ತರ 2024ರ ನವೆಂಬರ್‌ನಲ್ಲಿ ಕಾಣಿಸಿತು. ಫ್ಲಾರಿಡಾದಲ್ಲಿ ಹಿಂದಿನ ದೊಡ್ಡ ಗಾಲ್ಫ್ ಆಟಗಾರ್ತಿ ಆನಿಕಾ ಸೊರೆನ್‌ಸ್ಟಾಮ್ ಹೆಸರಿನ ಟೂರ್ನಿ, ಗೇನ್‌ಬ್ರಿಡ್ಜ್ ಕಂಪನಿ ಅದರ ಸ್ಪಾನ್ಸರ್. ಬ್ಯಾಸ್ಕೆಟ್‌ಬಾಲ್ ತಾರೆ ಕೇಟ್ಲಿನ್ ಕ್ಲಾರ್ಕ್ ಪ್ರಚಾರ ಮಾಡುವುದೂ ಅದೇ ಕಂಪನಿಗೆ, ಅವರ ತಂಡ ಇಂಡಿಯಾನಾ ಫೀವರ್ ಆಡುವ ಒಳಾಂಗಣಕ್ಕೂ ಅದೇ ಹೆಸರು. ಕಂಪನಿ ಕ್ಲಾರ್ಕ್ ಅವರನ್ನೇ ಪ್ರೊ-ಆಮ್‌ಗೆ ಕರೆಸಿತು. ಮೊದಲ 9 ಹೋಲ್ ನೆಲ್ಲಿ ಕೊರ್ಡಾ ಜೊತೆ, ಉಳಿದ 9 ಸ್ವತಃ ಆನಿಕಾ ಜೊತೆ. ಕ್ಲಾರ್ಕ್ ಹೊಡೆದ ಚೆಂಡುಗಳು ಎಲ್ಲೆಲ್ಲೋ ಹೋದವು, ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಸಾಮಾನ್ಯವಾಗಿ ಖಾಲಿ ಇರುವ ಬುಧವಾರ ಹಗ್ಗದಾಚೆ ಜನ ತುಂಬಿದರು, ಕ್ಲಾರ್ಕ್ ಜೆರ್ಸಿ ಹಾಕಿಕೊಂಡ ಸಣ್ಣ ಹುಡುಗಿಯರೂ ಬಂದರು. ನೆಲ್ಲಿ ಅದೇ ವರ್ಷ ಸತತ ಐದು ಟೂರ್ನಿ ಗೆದ್ದವರು. ಆದರೂ ಅವರನ್ನು ಬಹಳ ಜನ ಹತ್ತಿರದಿಂದ ನೋಡಿದ್ದು ಕ್ಲಾರ್ಕ್ ನೆಪದಲ್ಲಿ. ಮರಿಲಿನ್ ಸ್ಮಿತ್ ಬೇಸ್‌ಬಾಲ್ ಮೈದಾನಕ್ಕೆ ಹೋದರು, ಇಲ್ಲಿ ಬ್ಯಾಸ್ಕೆಟ್‌ಬಾಲ್ ಜನರೇ ಗಾಲ್ಫ್ ಮೈದಾನಕ್ಕೆ ಬಂದರು.

ನಮ್ಮ ಕಡೆಗೆ ಬರೋಣ. 2021ರ ಆಗಸ್ಟ್ 7, ಶನಿವಾರ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಪದಕಕ್ಕೆ ಆಡುತ್ತಿದ್ದರು. ವಿಶ್ವ ರ‍್ಯಾಂಕಿಂಗ್ 200, ಕ್ಯಾಡಿಯಾಗಿ, ಅಂದರೆ ಆಟದ ಚೀಲ ಹೊರುವ ಸಹಾಯಕಿಯಾಗಿ, ಪಕ್ಕದಲ್ಲಿ ಅಮ್ಮ. ಬೆಳಗ್ಗೆ ಬೆಳಗ್ಗೆ ದಾವಣಗೆರೆಯ ವಾಟ್ಸ್‌ಆಪ್ ಗುಂಪುಗಳಲ್ಲಿ ‘ಬರ್ಡಿ ಅಂದ್ರೆ ಏನ್ರೀ?’ ಅಂತ ಕೇಳಿದ್ದೇ ಕೇಳಿದ್ದು (ಒಂದು ಹೋಲ್‌ಗೆ ನಿಗದಿಯಾದ ಹೊಡೆತಗಳಿಗಿಂತ ಒಂದು ಕಡಿಮೆಯಲ್ಲಿ ಮುಗಿಸುವುದೇ ಬರ್ಡಿ). ಗಾಲ್ಫ್ ಕೋಲನ್ನೇ ಕೈಯಲ್ಲಿ ಹಿಡಿಯದವರು ಪ್ರತಿ ಪಟ್‌ಗೂ, ಅಂದರೆ ಚೆಂಡನ್ನು ಕುಳಿಯತ್ತ ಉರುಳಿಸುವ ಹೊಡೆತಕ್ಕೂ, ಉಸಿರು ಬಿಗಿಹಿಡಿದು ಕೂತರು. ಒಂದೇ ಒಂದು ಹೊಡೆತದಲ್ಲಿ ಕಂಚು ತಪ್ಪಿ ಅವರು ನಾಲ್ಕನೆಯವರಾದರು. ಅದೇ ಸಂಜೆ ನೀರಜ್ ಚೋಪ್ರಾ ಚಿನ್ನ ಗೆದ್ದರು, ಪತ್ರಿಕೆಗಳ ಮೊದಲ ಪುಟ ಸಹಜವಾಗಿ ಆ ಕಡೆ ಹೋಯಿತು. ಅಷ್ಟು ಜನ ಎದ್ದು ನೋಡಿದ ಆ ಬೆಳಗ್ಗೆಯನ್ನು ಯಾರೂ ಬಳಸಿಕೊಳ್ಳಲಿಲ್ಲ ಅನ್ನುವುದು ನನಗೆ ಇವತ್ತಿಗೂ ಸಂಕಟ. ಅದಿತಿ ಮುಂದಿನ ವಾರ ಎಲ್ಲಿ ಆಡುತ್ತಾರೆ, ಯಾವ ಚಾನೆಲ್, ಎಷ್ಟು ಗಂಟೆಗೆ ಅಂತ ಹೊಸ ಪ್ರೇಕ್ಷಕರಿಗೆ ಕನ್ನಡದಲ್ಲಿ ಹೇಳಿದವರು ನನ್ನ ಕಣ್ಣಿಗೆ ಬೀಳಲಿಲ್ಲ. ಮೈಸೂರಿನ ಪ್ರಣವಿ ಅರಸ್ ಕೂಡ ವೃತ್ತಿಪರರಾಗಿ ಆಡುತ್ತಿದ್ದಾರೆ. ಇಬ್ಬರೂ ನಮ್ಮ ರಾಜ್ಯದವರು. ಇಲ್ಲಿ ಬೀದಿಯಲ್ಲಿ ನಿಂತು ಕೇಳಿದರೆ ಎಷ್ಟು ಜನರಿಗೆ ಇಬ್ಬರ ಹೆಸರೂ ಗೊತ್ತು?

ನಮ್ಮಲ್ಲೂ ಹೆಣ್ಮಕ್ಕಳ ವೃತ್ತಿಪರ ಟೂರ್ (ಟೂರ್ನಿಗಳ ಸರಣಿ) ಇದೆ, ಹೀರೋ ಕಂಪನಿಯ ಹೆಸರಿನಲ್ಲಿ. ಬೆಂಗಳೂರಿನಲ್ಲೂ ಪಂದ್ಯ ನಡೆಯುತ್ತವೆ. ಅಲ್ಲಿ ಪ್ರೊ-ಆಮ್ ಇಟ್ಟಾಗಲೆಲ್ಲ ಎರಡು ಜಾಗ ದಾವಣಗೆರೆ, ಚಿತ್ರದುರ್ಗದಂಥ ಊರುಗಳ ಸರ್ಕಾರಿ ಶಾಲೆಯ ಪಿಟಿ ಟೀಚರ್‌ಗಳಿಗೆ ಕೊಡಿ ಅನ್ನುವುದು ನನ್ನ ಬೇಡಿಕೆ. ಸ್ಕ್ರ್ಯಾಂಬಲ್ ಆಟಕ್ಕೆ ಅವರು ಗಾಲ್ಫ್ ಕಲಿತಿರಬೇಕಾದ್ದೇನಿಲ್ಲ, ಹಿಂದಿನ ದಿನ ಒಂದು ಗಂಟೆ ಚೆಂಡು ಹೊಡೆಯಲು ಹೇಳಿಕೊಟ್ಟರೆ ಸಾಕು. ಕಂಪನಿಯ ಅತಿಥಿ ತಮ್ಮ ಆಟದ ಕಥೆಯನ್ನು ಹತ್ತು ಜನ ಗೆಳೆಯರಿಗೆ ಹೇಳುತ್ತಾರೆ. ಪಿಟಿ ಟೀಚರ್ ಸೋಮವಾರ ಬೆಳಗ್ಗೆ ಪ್ರಾರ್ಥನೆ ಮುಗಿದ ಮೇಲೆ ಇಡೀ ಶಾಲೆಗೆ ಹೇಳುತ್ತಾರೆ, ಪ್ರಣವಿ ತಮ್ಮ ಹಿಡಿತ ಹೇಗೆ ತಿದ್ದಿದರು ಅಂತ ಕೈ ಮಾಡಿ ತೋರಿಸುತ್ತಾರೆ, ಆ ಭಾನುವಾರದ ಫಲಿತಾಂಶವನ್ನು ಬೋರ್ಡಿನ ಮೇಲೆ ಬರೆಯುತ್ತಾರೆ. ಖರ್ಚು ಅಂದರೆ ಎರಡು ರೈಲು ಟಿಕೆಟ್, ಒಂದು ರಾತ್ರಿಯ ರೂಮು.