ಹೆಳವರ ಪುಸ್ತಕ, ನಾಡಕಚೇರಿಯ ವಂಶವೃಕ್ಷ

ಸುಗ್ಗಿ ಮುಗಿದು ಮನೆಗೆ ಕಾಳು ಬಂದ ಮೇಲೆ, ಮನೆತನಗಳ ವಂಶಾವಳಿ ಹೇಳುವ ಹೆಳವರು ಊರಿಗೆ ಬರುತ್ತಾರೆ. ಮೊದಲೆಲ್ಲ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ ಬರುತ್ತಿದ್ದರು. ಈಗ ಬಸ್ಸಲ್ಲೋ ಬೈಕಲ್ಲೋ ಬರುವವರೂ ಇದ್ದಾರೆ. ಮನೆ ಮುಂದೆ ನಿಂತು ಯಜಮಾನನ ಹೆಸರು ಹೇಳುತ್ತಾರೆ. ಅಲ್ಲಿಂದ ಅವನಪ್ಪ, ಅಜ್ಜ, ಮುತ್ತಜ್ಜ ಅಂತ ಹಿಂದಕ್ಕೆ ಹೋಗುತ್ತಾರೆ. ಮೂಲ ಊರು ಯಾವುದು, ಅದನ್ನು ಯಾಕೆ ಬಿಟ್ಟರು, ಬೆಡಗು (ಕುಲದೊಳಗಿನ ಕವಲು) ಯಾವುದು, ಮನೆದೇವರು ಯಾರು, ಅಣ್ಣತಮ್ಮಂದಿರಲ್ಲಿ ಯಾರು ಬೇರೆಯಾಗಿ ಯಾವ ಊರು ಸೇರಿದರು, ಎಲ್ಲ ಬರುತ್ತದೆ. ಆಮೇಲೆ ಚೀಲದಿಂದ ಪುಸ್ತಕ ತೆಗೆದು, ಹೋದ ಸಲ ಬಂದು ಹೋದ ಮೇಲೆ ಹುಟ್ಟಿದ ಮಕ್ಕಳ ಹೆಸರು ಬರೆದುಕೊಳ್ಳುತ್ತಾರೆ. ಅದಕ್ಕೆ ಕಾಳು, ಬಟ್ಟೆ, ದುಡ್ಡು. ಉಳ್ಳವರ ಮನೆಯಾದರೆ ಒಂದು ಕರು.

ಪಟ್ಟಣದಲ್ಲಿ ಬೆಳೆದವರಿಗೆ ಇದು ಭಿಕ್ಷೆಯ ಹಾಗೆ ಕಾಣುತ್ತದೆ. ಪತ್ರಿಕೆಯವರು ಬರೆದರೆ 'ನಡೆದಾಡುವ ಇತಿಹಾಸ' ಅಂತ ಹೊಗಳಿ ಕೈತೊಳೆದುಕೊಳ್ಳುತ್ತಾರೆ. ನನಗೆ ಎರಡೂ ಸರಿ ಕಾಣುವುದಿಲ್ಲ. ಇದು ಒಂದು ಕಸುಬು. ಅದಕ್ಕೆ ತನ್ನದೇ ಕಟ್ಟುಪಾಡು ಇದೆ, ಲೆಕ್ಕಾಚಾರವೂ ಇದೆ.

ಬ್ರಿಟಿಷ್ ವಿದ್ವಾಂಸ ಎಡ್ಗರ್ ಥರ್ಸ್ಟನ್ 1909ರಲ್ಲಿ ದಕ್ಷಿಣ ಭಾರತದ ಜಾತಿಗಳ ಬಗ್ಗೆ ತಂದ ಸಂಪುಟಗಳಲ್ಲಿ ಹೆಳವರ ಮಾತು ಬರುತ್ತದೆ. ಬಳ್ಳಾರಿ, ಮೈಸೂರು ಕಡೆ ಊರುಗಳ ಚರಿತ್ರೆಯನ್ನು ಕಾಪಾಡುವವರು ಇವರು, ಕಾಲಿನ ಮೇಲೆ ಕಂಬಳಿ ಹೊದ್ದು ಎತ್ತಿನ ಮೇಲೆ ಬರುತ್ತಾರೆ, ಮನೆಮನೆಗೆ ಹೋಗಿ ಆ ಮನೆತನದ ಕಥೆಯನ್ನೂ ಯುದ್ಧದಲ್ಲಿ ಸತ್ತವರ ಹೆಸರನ್ನೂ ಹೇಳುತ್ತಾರೆ ಅಂತ ಅಲ್ಲಿದೆ. ಕಂಬಳಿ ಯಾಕೆ ಅಂದರೆ, ಹೆಳವ ಕಾಲಿಲ್ಲದವನು ಅನ್ನುವುದು ಕಥೆಯ ಲೆಕ್ಕ. ಆ ಕಥೆಗೆ ಹಲವು ರೂಪ ಇವೆ. ಒಂದು ರೂಪದಲ್ಲಿ, ಅಣ್ಣತಮ್ಮಂದಿರ ನಡುವೆ ಒಬ್ಬ ಕುಂಟ. ಅವನು ಉಳಲಾರ. ಹಾಗಾಗಿ ಉಳಿದವರು ತಮ್ಮ ಬೆಳೆಯಲ್ಲಿ ಅವನಿಗೊಂದು ಪಾಲು ಕೊಡಬೇಕು, ಅವನು ಅವರ ಕುಲ ಹೇಳಬೇಕು. ತೆಲುಗು ಸೀಮೆಯ ಪಿಚ್ಚಗುಂಟ್ಲರಲ್ಲೂ ಇಂಥದೇ ಕಥೆ ಇದೆ. ನಡೆದದ್ದೋ ಕಟ್ಟಿದ್ದೋ, ಕಥೆ ಹೇಳುವುದಂತೂ ಸ್ಪಷ್ಟ: ಕಾಳು ಕೇಳುವುದು ಭಿಕ್ಷೆಯಲ್ಲ, ಹಕ್ಕಿನ ಪಾಲು.

ಈ ಹಕ್ಕು ಹಂಚಿಕೆಯಾಗಿಯೇ ಇರುತ್ತದೆ. ಒಬ್ಬ ಹೆಳವ ಕಂಡಕಂಡ ಊರಿಗೆ ಹೋಗುವಂತಿಲ್ಲ. ಇಂಥ ಊರುಗಳ ಇಂಥ ಮನೆತನಗಳು ಇವನ ಒಕ್ಕಲು ಅಂತ ಗೊತ್ತಾಗಿರುತ್ತದೆ. ಅಪ್ಪನಿಂದ ಮಗನಿಗೆ ಒಕ್ಕಲೂ ಬರುತ್ತದೆ, ಪುಸ್ತಕವೂ ಬರುತ್ತದೆ. ಹಳಬರ ಮನೆಗಳಲ್ಲಿ ತಾಮ್ರಪಟ, ತಾಳೆಗರಿ ಇಟ್ಟುಕೊಂಡವರೂ ಉಂಟು. ಬರೆದಿರುವುದು ಹೆಚ್ಚಾಗಿ ಬರೀ ಹೆಸರು, ಊರು. ಜಗಳ, ಬರಗಾಲ, ದತ್ತು, ಊರು ಬಿಟ್ಟ ಕಾರಣ ಎಲ್ಲ ಬಾಯಲ್ಲಿ. ಅಂದರೆ ಪುಸ್ತಕ ಒಂದೇ ಸಿಕ್ಕಿದರೆ ಅರ್ಧ ಸಿಕ್ಕ ಹಾಗೆ.

ಇವರು ಹೇಳುವುದನ್ನು ಎಷ್ಟು ನಂಬಬಹುದು? ಹತ್ತಿರದ ಐದಾರು ತಲೆಮಾರನ್ನು ಸಾಕಷ್ಟು ನಂಬಬಹುದು ಅಂತ ನನಗನಿಸುತ್ತದೆ. ಹೆಳವ ಮುಂದಿನ ಸಲವೂ ಅದೇ ಮನೆಗೆ ಬರಬೇಕು, ಅವರ ದಾಯಾದಿಗಳ ಮನೆಗೂ ಹೋಗಬೇಕು. ಒಂದು ಮನೆಯಲ್ಲಿ ಒಂದು, ಇನ್ನೊಂದು ಮನೆಯಲ್ಲಿ ಇನ್ನೊಂದು ಹೇಳಿದರೆ ಸಿಕ್ಕಿಬೀಳುತ್ತಾನೆ. ಅದಕ್ಕಿಂತ ಹಿಂದಿನದು ಕಥೆ. ಮೂಲಪುರುಷ ಯಾವುದೋ ಸಾಮ್ರಾಜ್ಯದಲ್ಲಿ ದಂಡನಾಯಕ ಆಗಿರುತ್ತಾನೆ. ಕೇಳಿ ಖುಷಿಪಡಬೇಕು, ಅಷ್ಟೇ.

ಇದರಲ್ಲಿ ದೊಡ್ಡವರೇನೂ ಬೇರೆಯಲ್ಲ. ಕಲ್ಯಾಣ ಚಾಲುಕ್ಯರ 5ನೆಯ ವಿಕ್ರಮಾದಿತ್ಯನ ಕಾಲದ, 1009ರ ಕೌಠೇಂ ತಾಮ್ರಪಟ ಓದಿ ನೋಡಿ. ಚಾಲುಕ್ಯ ವಂಶದ 59 ಜನ ಅಯೋಧ್ಯೆಯಲ್ಲಿ ಆಳಿದರು, ಆಮೇಲೆ 16 ಜನ ದಕ್ಷಿಣದಲ್ಲಿ ಆಳಿದರು ಅಂತ ಅದರಲ್ಲಿದೆ. ಐವತ್ತೊಂಬತ್ತು! ಅಷ್ಟು ಖಚಿತವಾಗಿ ಎಣಿಸಿದವರು ಯಾರೋ. ಬಾದಾಮಿಯ ಚಾಲುಕ್ಯರ ಶಾಸನಗಳಲ್ಲಿ ಈ ಅಯೋಧ್ಯೆಯ ಸುದ್ದಿಯೇ ಇಲ್ಲ. ಅಧಿಕಾರ ಬಂದ ಮೇಲೆ ಹಿರಿಯರೂ ಬರುತ್ತಾರೆ, ಅಲ್ವಾ?

ವಂಶಾವಳಿ ಬರೆಯುವವರು ನಮ್ಮಲ್ಲಿ ಮಾತ್ರ ಇದ್ದವರಲ್ಲ. ಬಿಹಾರದ ಮಿಥಿಲೆಯ ಪಂಜಿಕಾರರದು ಬಹಳ ಕಟ್ಟುನಿಟ್ಟಾದ ಪದ್ಧತಿ. ಅದಕ್ಕೂ ನಮಗೂ ಒಂದು ನಂಟಿದೆ. ಮಿಥಿಲೆಯನ್ನು 1097ರಿಂದ ಆಳಿದ್ದು ಕರ್ಣಾಟ ವಂಶ. ಅದನ್ನು ಕಟ್ಟಿದ ನಾನ್ಯದೇವ ಕನ್ನಡನಾಡಿನ ಮೂಲದವನು. ಅದೇ ವಂಶದ ಹರಿಸಿಂಹದೇವನ ಕಾಲದಲ್ಲಿ, 14ನೆಯ ಶತಮಾನದ ಆರಂಭದಲ್ಲಿ, ಮೈಥಿಲ ಬ್ರಾಹ್ಮಣರ ವಂಶಾವಳಿಗಳನ್ನು ಬರೆದಿಡುವ ಪಂಜಿ ವ್ಯವಸ್ಥೆ ಗಟ್ಟಿಯಾಯಿತು ಅನ್ನುತ್ತಾರೆ. ಅಲ್ಲಿ ಮದುವೆಗೆ ಮುಂಚೆ ಪಂಜಿಕಾರ ಎರಡೂ ಕಡೆಯ ತಲೆಮಾರು ನೋಡಿ, ಹತ್ತಿರದ ರಕ್ತಸಂಬಂಧ ಇಲ್ಲ ಅಂತ ಬರೆದುಕೊಡಬೇಕು. ಸೋದರಮಾವನ ಮಗಳನ್ನು ತರುವ ನಮ್ಮ ಕಡೆ ಅಂಥ ಪಂಜಿಕಾರನಿಗೆ ದಿನವೂ ತಲೆನೋವೇ.

ಹರಿದ್ವಾರದ ಪಂಡರ, ಅಂದರೆ ತೀರ್ಥಕ್ಷೇತ್ರದ ಪುರೋಹಿತರ, ಬಹಿಗಳದು ಇನ್ನೊಂದು ಬಗೆ. ಅವು ಉದ್ದನೆಯ, ಸುತ್ತಿಡುವ ಲೆಕ್ಕದ ಪುಸ್ತಕಗಳು. ಹೆಳವ ಮನೆಗೆ ಬಂದರೆ ಇಲ್ಲಿ ಮನೆಯವರೇ ಪಂಡನ ಹತ್ತಿರ ಹೋಗಬೇಕು. ಊರು, ಜಾತಿ ಹೇಳಿದರೆ ನಿಮ್ಮ ಪಂಡ ಯಾರು ಅಂತ ತೋರಿಸುತ್ತಾರೆ. ಅಸ್ಥಿ ಬಿಡಲು ಬಂದ ಹಿರಿಯರು ತಮ್ಮ ಕೈಯಾರೆ ಬರೆದ ಸಾಲುಗಳು ಅದರಲ್ಲಿರುತ್ತವೆ. ಈ ಬಹಿಗಳನ್ನು ಮೈಕ್ರೋಫಿಲ್ಮ್ ಮಾಡಿದ್ದು ಅಮೆರಿಕದ ಯೂಟಾದ ವಂಶಾವಳಿ ಸಂಸ್ಥೆ. ಅದು ಮಾರ್ಮನ್ ಚರ್ಚಿನದು, 1894ರಲ್ಲಿ ಶುರುವಾದದ್ದು. ಸತ್ತ ಹಿರಿಯರಿಗೂ ದೀಕ್ಷೆ ಕೊಡಿಸಬಹುದು ಅಂತ ಅವರ ನಂಬಿಕೆ. ಹಾಗಾಗಿ ಹಿರಿಯರ ಹೆಸರು ಹುಡುಕುವುದು ಅವರಿಗೆ ಧರ್ಮದ ಕೆಲಸ. ಇಂಟರ್ನೆಟ್ಟಿನಲ್ಲಿ ಇವತ್ತು ಪುಕ್ಕಟೆ ಸಿಗುವ ವಂಶ ದಾಖಲೆಗಳಲ್ಲಿ ದೊಡ್ಡದೊಂದು ಪಾಲು ಆ ನಂಬಿಕೆಯಿಂದಲೇ ಬಂದದ್ದು.

ಇನ್ನು ಸರ್ಕಾರದ ವಿಷಯ. ವಂಶ ಯಾವುದು, ವಾರಸುದಾರ ಯಾರು ಅನ್ನುವುದು ರಾಜ್ಯವನ್ನೇ ಉರುಳಿಸಬಲ್ಲ ಪ್ರಶ್ನೆ. ಕಿತ್ತೂರಿನಲ್ಲಿ ದತ್ತುಮಗನನ್ನು ಕಂಪನಿ ಒಪ್ಪಲಿಲ್ಲ, 1824ರಲ್ಲಿ ಯುದ್ಧವೇ ಆಯಿತು. ಸಾಮಾನ್ಯರ ಮನೆಯಲ್ಲಿ ಅದೇ ಪ್ರಶ್ನೆ ಕೋರ್ಟಿಗೆ ಹೋಯಿತು. 1872ರ ಸಾಕ್ಷ್ಯ ಕಾಯ್ದೆಯ 32ನೇ ಕಲಮಿನಲ್ಲಿ ಇದಕ್ಕೊಂದು ದಾರಿ ಇತ್ತು. ಸಂಬಂಧವನ್ನು ಚೆನ್ನಾಗಿ ತಿಳಿಯುವ ಸ್ಥಾನದಲ್ಲಿದ್ದವನು ಈಗ ಬದುಕಿಲ್ಲದಿದ್ದರೂ ಅವನು ಹೇಳಿದ್ದು, ಬರೆದದ್ದು ಸಾಕ್ಷಿಯಾಗುತ್ತದೆ. ಆದರೆ ಅದು ಜಗಳ ಹುಟ್ಟುವುದಕ್ಕೆ ಮೊದಲೇ ಬರೆದದ್ದಾಗಿರಬೇಕು.

ಹೆಳವರ ಪುಸ್ತಕದ ಬೆಲೆ ಇರುವುದೂ ಇಲ್ಲೇ. ಯಾರ ಆಸ್ತಿಯ ಜಗಳವೂ ತಲೆಯಲ್ಲಿ ಇಲ್ಲದಾಗ, ಸುಮ್ನೆ ರೂಢಿಯಂತೆ ಬರೆದುಕೊಂಡ ಹೆಸರುಗಳು ಅವು. ಊರಲ್ಲಿ ಹೀಗೆ ಬರೆಯುತ್ತಿದ್ದ ಇನ್ನೊಬ್ಬರೆಂದರೆ ಶಾನುಭೋಗರು. ಅವರ ಕಡತ ನೋಡಿದ್ದೀರಾ? ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚುತ್ತಿದ್ದರು. ಆ ಕಪ್ಪು ಬಟ್ಟೆಯ ಮೇಲೆ ಬಳಪದಲ್ಲಿ ಬರೆಯುವುದು. ತಪ್ಪಾದರೆ ಅಳಿಸಬಹುದು, ಬೇಕೆಂದೂ ಅಳಿಸಬಹುದು! ಶಾನುಭೋಗರ ಲೆಕ್ಕ ಹೊಲದ್ದು, ಕಂದಾಯದ್ದು. ಹೊಲದ ಬೆನ್ನು ಹತ್ತಿ ಮನುಷ್ಯರ ಹೆಸರೂ ಬರುತ್ತಿತ್ತು. ವಂಶಪಾರಂಪರ್ಯದ ಈ ಹುದ್ದೆಗಳು 1961ರ ಕಾಯ್ದೆಯಿಂದ ರದ್ದಾದವು. ಅನೇಕ ಮನೆಗಳಲ್ಲಿ ಕಡತ ಅಟ್ಟ ಸೇರಿತು.

ಈಗ ನಮಗೆಲ್ಲ ಗೊತ್ತಿರುವ ವಂಶವೃಕ್ಷ ನಾಡಕಚೇರಿಯದು. ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆ ಮಾಡಿಸಬೇಕು, ಅಂದರೆ ಅವರ ಹೆಸರಲ್ಲಿದ್ದ ಜಮೀನು ವಾರಸುದಾರರ ಹೆಸರಿಗೆ ಆಗಬೇಕು, ಅದಕ್ಕೆ ವಂಶವೃಕ್ಷ ಬೇಕು. ಅರ್ಜಿ, ಅಫಿಡವಿಟ್, ಗ್ರಾಮ ಆಡಳಿತ ಅಧಿಕಾರಿಯ (ಮೊದಲಿನ ಗ್ರಾಮ ಲೆಕ್ಕಿಗರ) ವರದಿ. ಹೆಸರು ಹೇಳುವವರು ಆಸ್ತಿ ಬೇಕಾದವರೇ. ಹಾಗಾಗಿ ಮದುವೆಯಾಗಿ ಹೋದ ಅಕ್ಕನ ಹೆಸರೋ, ದೊಡ್ಡಪ್ಪನ ಮೊದಲ ಹೆಂಡತಿಯ ಮಗನ ಹೆಸರೋ ಬಿಟ್ಟುಹೋಗುತ್ತದೆ. ಮರ ಚೆನ್ನಾಗಿಯೇ ಕಾಣುತ್ತದೆ, ಕೊಂಬೆ ಕಡಿದ ಗುರುತು ಕಾಣುವುದಿಲ್ಲ. ಕರ್ನಾಟಕದಲ್ಲಿ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಬಂತು, 2005ರಲ್ಲಿ ಇಡೀ ದೇಶಕ್ಕೆ ಬಂತು. ಆ ಹಕ್ಕು ಹುಟ್ಟಿನಿಂದಲೇ ಬರುವುದು ಅಂತ 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಬಿಟ್ಟುಹೋದ ಹೆಸರುಗಳು ಈಗ ಕೋರ್ಟಿಗೆ ಬರುತ್ತಿರುವುದು ಅದಕ್ಕೇ.

ಹೆಣ್ಣಿನ ವಿಷಯದಲ್ಲಿ ಹಳೆಯ ವಂಶಾವಳಿಗಳೂ ಸಾಚಾ ಅಲ್ಲ. ಅವು ಅಪ್ಪನಿಂದ ಮಗನಿಗೆ ಹೋಗುವ ಗೆರೆ. ಅಳಿಯಕಟ್ಟಿನ ತುಳುನಾಡು ಮಾತ್ರ ಬೇರೆ. ಅಲ್ಲಿಯ ಕುಟುಂಬಗಳದು ತಾಯಿಯ ಸಾಲು, ಅಲ್ಲಿ ಬಿಟ್ಟುಹೋಗುವವನು ಅಪ್ಪ.

ಹೆಳವರ ಕಸುಬು ಕುಗ್ಗಿದ್ದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಒಕ್ಕಲಿನವರು ಹುಬ್ಬಳ್ಳಿಗೆ, ಬೆಂಗಳೂರಿಗೆ ಹೋದರು. ಊರಲ್ಲಿ ಉಳಿದವರ ಹೊಲ ತುಂಡಾಯಿತು, ಕೊಡುವ ಕಾಳೂ ಕಡಿಮೆಯಾಯಿತು. ಹೆಳವರ ಮಕ್ಕಳು ಶಾಲೆಗೆ ಹೋದರು. ವರ್ಷಗಟ್ಟಲೆ ಅಪ್ಪನ ಜೊತೆ ಊರೂರು ತಿರುಗಿ ಬಾಯಿಪಾಠ ಮಾಡುವ ಹುಡುಗ ಇಲ್ಲದಿದ್ದರೆ ಆ ಕಥೆಯ ಅರ್ಧ ಅಲ್ಲಿಗೇ ನಿಲ್ಲುತ್ತದೆ.

'ಎಲ್ಲ ಸ್ಕ್ಯಾನ್ ಮಾಡಿಬಿಡಿ' ಅನ್ನುವವರು ಒಂದು ಮಾತು ಮರೆಯುತ್ತಾರೆ. ಆ ಪುಸ್ತಕ ಹೆಳವನ ಹೊಲ ಇದ್ದ ಹಾಗೆ. ಮೊಬೈಲಲ್ಲಿ ಎಲ್ಲ ಪುಟ ಹಿಡಿದುಕೊಂಡರೆ ಮುಂದಿನ ಸುಗ್ಗಿಗೆ ಅವನನ್ನು ಕರೆಯುವವರು ಯಾರು? ಸ್ಕ್ಯಾನ್ ಬೇಡ ಅಂತಲ್ಲ. ಅದಕ್ಕೆ ಅವನಿಗೆ ಸರಿಯಾದ ಬೆಲೆ ಕೊಡಿ, ಅವನ ಬಾಯಿಮಾತನ್ನೂ ದಾಖಲು ಮಾಡಿಕೊಳ್ಳಿ ಅಂತ.

ನಿಮ್ಮ ಮನೆತನದ್ದು ಹುಡುಕಬೇಕಾದರೆ ಮೊದಲು ಊರಿಗೆ ಫೋನ್ ಮಾಡಿ, ನಮ್ಮ ಮನೆಗೆ ಬರುವ ಹೆಳವರು ಯಾರು ಅಂತ ದೊಡ್ಡವರನ್ನು ಕೇಳಿ. ಅವರು ಸಿಕ್ಕರೆ ಹೆಸರಿಗಿಂತ ಮೊದಲು ಹಿಂದಿನ ಊರುಗಳನ್ನು ಕೇಳಿ. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವ ಮನೆಗಳಲ್ಲಿ ಬರೀ ಹೆಸರು ಹಿಡಿದು ಹೋದರೆ ತಲೆಮಾರು ಕಲಸಿಹೋಗುತ್ತದೆ. ಆಮೇಲೆ ತಾಲ್ಲೂಕು ಕಚೇರಿಯ ಹಳೆ ಪಹಣಿ, ಮ್ಯುಟೇಶನ್ ರಿಜಿಸ್ಟರು, ಸಬ್ ರಿಜಿಸ್ಟ್ರಾರ್ ಕಚೇರಿಯ ಪಾಲುಪತ್ರಗಳು, ಊರ ಶಾಲೆಯ ದಾಖಲಾತಿ ಪುಸ್ತಕ ನೋಡಿ. ಅಜ್ಜಿಯರ ಹೆಸರು ಇವುಗಳಲ್ಲಿ ಸಿಗುವುದು ಕಷ್ಟ. ಅದಕ್ಕೆ ಅಜ್ಜಿಯ ತವರೂರಿಗೆ ಹೋಗಿ, ಆ ಮನೆಯ ಹೆಳವರು ಬೇರೆ ಇರುತ್ತಾರೆ.